ಕೈಯಲ್ಲಿದ್ದ ಆ ಒಂದನ್ನು ಎಲ್ಲಿಟ್ಟಿರಿ, ಮೀಟರ್ ಮಹಾಶಯರೇ

ಮಾನ್ಯರೇ,

ಬಿಳಿ ವ್ಯಾನಿನ ಸ್ಟೀರಿಂಗಿನ ಹಿಂದೆ, ಧೂಳು ಕೂತ ಪುಟ್ಟ ಗಾಜಿನ ಕಿಟಕಿಯೊಳಗೆ, ಐದು ಅಂಕಿಗಳ ಸಮೇತ ವಿರಾಜಮಾನರಾಗಿರುವ ತಮಗೆ, ನಾಲ್ಕು ಚಕ್ರಗಳ ದುಡಿಮೆಯನ್ನು ಒಬ್ಬರೇ ಕೂತು ಎಣಿಸುವ ಭಾರ ಹೊತ್ತಿರುವ ತಮಗೆ, ಗಾಜಿನಂಗಡಿಯ ಬಡಪಾಯಿಯೊಬ್ಬ ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನಂತೂ ಕ್ಷೇಮವಲ್ಲ, ಆದರೆ ಅದೇನೂ ಹೊಸ ಸುದ್ದಿಯಲ್ಲ, ಬುದ್ಧಿ ಬಂದಾಗಿನಿಂದ ನಾನು ಹೆಚ್ಚುಕಡಿಮೆ ಹೀಗೇ ಇದ್ದೇನೆ.

ಈ ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸದೆ ನಾಲ್ಕು ಜನ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಕಿಟಕಿಗೆ ಕಾರ್ಖಾನೆಯವರೇ ಸೀಲು ಹಾಕಿದ್ದಾರೆ, ಪತ್ರ ತೂರಿಸಲು ಕೂದಲೆಳೆಯಷ್ಟೂ ಸಂದಿಲ್ಲ. ನಾನು ಏಳನೇ ತರಗತಿ ಪಾಸಾಗಿ ಎಂಟನೆಯದರಲ್ಲಿ ಅರ್ಧಕ್ಕೆ ನಿಂತವನು. ಮನೆಯಾಕೆ ಹತ್ತನೆಯವರೆಗೆ ಓದಿದವಳಾದ್ದರಿಂದ ಈ ಪತ್ರದ ಕಾಗುಣಿತವನ್ನು ಅವಳೇ ತಿದ್ದಿದ್ದಾಳೆ. ಕೋಪವನ್ನು ಮಾತ್ರ ತಿದ್ದಬೇಡ ಎಂದು ಕೇಳಿಕೊಂಡಿದ್ದೇನೆ.

ಮೊದಲಿಗೆ ನನ್ನ ಪರಿಚಯ. ನಾನು ಗಾಜು ಕೊಯ್ಯುವವನು. ಕಿಟಕಿಯ ಗಾಜು, ಕಪಾಟಿನ ಗಾಜು, ಬಚ್ಚಲುಮನೆಯ ಕನ್ನಡಿ, ಆಗೊಮ್ಮೆ ಈಗೊಮ್ಮೆ ಲಾರಿ, ವ್ಯಾನುಗಳ ಮುಂದಿನ ಗಾಜು ಕೂಡ ಕೂರಿಸಿಕೊಡುತ್ತೇನೆ. ಇಷ್ಟೊಂದು ಪುಕ್ಕಲು ಮನುಷ್ಯ ಇಡೀ ಲೋಕದಲ್ಲಿ ಒಡೆಯುವ ಸಾಮಾನನ್ನೇ ಹುಡುಕಿಕೊಂಡು ಹೋಗಿ ಕಸುಬು ಮಾಡಿಕೊಂಡದ್ದು ಹೇಗೆ ಎಂದು ತಾವು ಕೇಳಬಹುದು. ನಾನಾಗಿ ಹುಡುಕಲಿಲ್ಲ, ಅದು ಅಪ್ಪನ ಅಂಗಡಿ. ಶಾಲೆ ಬಿಟ್ಟ ದಿನವೇ ಅವರು ಕೈಗೆ ಗಾಜು ಕೊಯ್ಯುವ ಚಕ್ರ ಕೊಟ್ಟು, ‘ಹೆದರುವವನೇ ಇದಕ್ಕೆ ಸರಿ, ಧೈರ್ಯಸ್ಥರು ಬಹಳ ಒಡೀತಾರೆ’ ಅಂದರು. ಅಲ್ಲಿಂದ ಇಲ್ಲಿಯವರೆಗೆ ನಾನು ಹೆದರಿಕೊಂಡೇ ಅನ್ನ ಸಂಪಾದಿಸಿದ್ದೇನೆ.

ಕೊಯ್ದ ಗಾಜನ್ನು ಗಿರಾಕಿಯ ಮನೆ ಮುಟ್ಟಿಸುವುದು ತಳ್ಳುಗಾಡಿಯಲ್ಲಿ. ನಾನು ಮುಂದೆ ಎಳೆಯುತ್ತೇನೆ, ಹೆಂಡತಿ ಪಕ್ಕದಲ್ಲಿ ಗಾಜಿನ ಅಂಚು ಹಿಡಿದು ನಡೆಯುತ್ತಾಳೆ. ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದಿದ್ದೇವೆ. ಆಳೆತ್ತರದ ಕನ್ನಡಿಯನ್ನು ಒಬ್ಬರೇ ಎತ್ತಲಾಗುವುದಿಲ್ಲ, ಇಬ್ಬರು ಒಂದೇ ಉಸಿರಿಗೆ ಎತ್ತಬೇಕು. ಒಂದು, ಎರಡು ಎಂದು ನಾನು ಎಣಿಸುತ್ತೇನೆ, ಮೂರು ಎನ್ನುವುದು ಅವಳು, ಏಕೆಂದರೆ ನಾನು ಎರಡಕ್ಕೆ ಬಂದು ಯೋಚನೆಗೆ ಬೀಳುತ್ತೇನೆ.

ಕಳೆದ ತಿಂಗಳು ಅಂಚೆ ಕಚೇರಿಯ ಮುಂದಿನ ಇಳಿಜಾರಿನಲ್ಲಿ ಹಿಂದಿನಿಂದ ಒಂದು ಸ್ಕೂಟರು ಪೋಂ ಎಂದಿತು. ಉಳಿದವರಾಗಿದ್ದರೆ ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಎಗರಿಬಿದ್ದೆ, ಗಾಡಿ ಓಲಾಡಿತು, ಗಾಜು ಜಾರಿತು, ಅವಳು ಬಿಡಲಿಲ್ಲ. ಬಲ ಅಂಗೈಗೆ ಒಂಬತ್ತು ಹೊಲಿಗೆ ಬಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ‘ಗಾಜು ಹೋದ್ರೆ ಹೋಗಲಿ ಅಂತ ಬಿಡಬಾರದಾಗಿತ್ತಾ’ ಎಂದು ನಾನು ಗದರಿದ್ದಕ್ಕೆ, ‘ಬಿಟ್ಟಿದ್ರೆ ಕೆಳಗೆ ನಿಮ್ಮ ಕಾಲಿತ್ತು’ ಎಂದಳು. ಮನೆಗೆ ಬಂದ ಮೇಲೆ ಎಡಗೈಯಲ್ಲೇ ನೀರು ಕುಡಿದು, ಲೋಟ ಕೆಳಗಿಟ್ಟು, ದನಿಯನ್ನು ಎಳ್ಳಷ್ಟೂ ಏರಿಸದೆ ಅವಳು ಹೇಳಿದ್ದನ್ನು ತಮ್ಮ ಅವಗಾಹನೆಗೆ ಅಕ್ಷರಶಃ ಬರೆಯುತ್ತಿದ್ದೇನೆ: ‘ರೀ, ಈ ಹೊಲಿಗೆ ಬಿಚ್ಚೋದ್ರೊಳಗೆ ಒಂದು ಗಾಡಿ ನೋಡಿ. ಇಲ್ಲಾಂದ್ರೆ ನಾನು ಅಕ್ಕನ ಟೈಲರಿಂಗ್ ಅಂಗಡಿಗೆ ಹೋಗ್ತೀನಿ. ಅಲ್ಲಿ ಬಟ್ಟೆಗೆ ಹೊಲಿಗೆ ಹಾಕ್ತಾರೆ, ಕೈಗಲ್ಲ.’

ಅವಳು ಹಾರಾಡಿ ಹೇಳಿದ್ದರೆ ನನಗೆ ಚಿಂತೆಯಿರಲಿಲ್ಲ, ಹಾರಾಡಿದ ಮಾತು ಸಂಜೆಗೆ ಇಳಿಯುತ್ತದೆ. ಇದು ಇಳಿಯುವ ಮಾತಲ್ಲ. ಹೊಲಿಗೆ ಬಿಚ್ಚಲು ಹತ್ತು ದಿನ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಅವಳು ಹೋದರೆ ಅಂಗಡಿಯಲ್ಲಿ ಕೊಯ್ಯಲು ಗಾಜಿರುತ್ತದೆ, ಎತ್ತಲು ಜನವಿರುವುದಿಲ್ಲ, ಮೂರು ಎನ್ನಲು ಬಾಯಿರುವುದಿಲ್ಲ. ಹೊಸ ಗಾಡಿ ನಮ್ಮಂಥವರ ಕೈಗೆ ಎಟುಕುವುದಲ್ಲ. ಹೀಗಾಗಿ ನಾಲ್ಕನೆಯ ದಿನ ನಾವಿಬ್ಬರೂ ಪೆಟ್ರೋಲ್ ಬಂಕಿನ ಹಿಂದಿರುವ ಹಳೇ ಗಾಡಿಗಳ ಬಯಲಿಗೆ ಬಂದು, ತಮ್ಮ ದರ್ಶನ ಪಡೆದೆವು.

ಆ ಬಯಲಿನ ಯಜಮಾನರನ್ನು ಎಲ್ಲರೂ ಗ್ಯಾರಂಟಿ ಎಂದೇ ಕರೆಯುತ್ತಾರೆ. ಉಸಿರು ಒಳಗೆ ಎಳೆದುಕೊಳ್ಳುವಾಗ ಒಮ್ಮೆ, ಹೊರಗೆ ಬಿಡುವಾಗ ಒಮ್ಮೆ ಅವರು ಗ್ಯಾರಂಟಿ ಅನ್ನುತ್ತಾರೆ. ಯಾವುದಕ್ಕೆ ಎಂದು ಕೇಳಿದವರಿಲ್ಲ. ಅವರು ವ್ಯಾನಿನ ಬಾಗಿಲು ತೆಗೆದು, ಅಂಗಿಯ ತೋಳಿನಿಂದ ತಮ್ಮ ಗಾಜಿನ ಮುಖ ಒರೆಸಿ, ‘ನೋಡಿ ಅಣ್ಣ, ಮೂವತ್ತೆಂಟು ಸಾವಿರದ ನಾನೂರ ಹದಿನಾರು. ಇನ್ನೂ ಹಾಲುಹಲ್ಲು ಬಿದ್ದಿಲ್ಲ ಇದಕ್ಕೆ. ಮೇಲಾಗಿ ಒಂದೇ ಕೈಯಲ್ಲಿ ಓಡಿದ ಗಾಡಿ’ ಎಂದರು. ಒಬ್ಬನೇ ಮಾಲೀಕನ ಹತ್ತಿರ ಇದ್ದ ಗಾಡಿಗೆ ತಮ್ಮ ಲೋಕದಲ್ಲಿ ಹಾಗೆನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಆಗ ನಾನು, ‘ಇನ್ನೊಂದು ಕೈಗೆ ಏನಾಗಿತ್ತು’ ಎಂದು ಕೇಳಿಬಿಟ್ಟೆ. ಗ್ಯಾರಂಟಿಯವರು ನನ್ನ ಹೆಂಡತಿಯ ಕೈಯ ಬ್ಯಾಂಡೇಜು ನೋಡಿ, ಏನೋ ಮನೆ ಜಗಳದ ವಿಷಯ ಎಂದುಕೊಂಡು, ‘ಅದೆಲ್ಲ ನೀವು ನೀವೇ ಮಾತಾಡಿಕೊಳ್ಳಿ ಅಣ್ಣ’ ಎಂದು ದೂರ ಹೋಗಿ ನಿಂತರು.

ಆ ಹೊತ್ತಿನಲ್ಲಿ ನಾನು ತಮ್ಮನ್ನು ಕಣ್ತುಂಬ ನೋಡಿದೆ. ಮೂವತ್ತೆಂಟು ಸಾವಿರ ಎಷ್ಟು ಸಮಾಧಾನದ ಅಂಕಿ ಎಂಬುದು ಚಿಂತೆ ಮಾಡುವವರಿಗೆ ಮಾತ್ರ ಗೊತ್ತು. ಏಕೆಂದರೆ ನನ್ನ ಬಾಮೈದ, ಜೀವಮಾನದಲ್ಲಿ ಒಂದು ಸೈಕಲ್ಲನ್ನೂ ಕೊಳ್ಳದ ಮಹಾನುಭಾವ, ಹಿಂದಿನ ದಿನವಷ್ಟೇ ಫೋನು ಮಾಡಿ, ‘ಭಾವ, ಲಕ್ಷ ದಾಟಿದ ಗಾಡಿ ಮುಟ್ಟಬೇಡಿ, ಅದು ರಸ್ತೆ ಮೇಲೆ ಇರೋದಕ್ಕಿಂತ ಗ್ಯಾರೇಜಲ್ಲೇ ಜಾಸ್ತಿ ಇರತ್ತೆ, ಹೊರಗೆ ಬಂದಾಗ ನಿಮ್ಮ ಕೈಗೆ ಸ್ಟೀರಿಂಗ್ ಕಿತ್ಕೊಂಡು ಬರತ್ತೆ’ ಎಂದಿದ್ದ. ಆ ಮಾತು ಕೇಳಿದ ಮೇಲೆ ನಾನು ಒಂದು ಬಚ್ಚಲ ಕನ್ನಡಿಯನ್ನು ಎರಡಂಗುಲ ಗಿಡ್ಡ ಕೊಯ್ದೆ. ಸ್ಟೀರಿಂಗ್ ನಿಜವಾಗಿ ಕಿತ್ತುಕೊಂಡು ಬಂದರೆ ಏನು ಮಾಡುವುದು ಎಂದು ಹೆಂಡತಿಯನ್ನು ಕೇಳಿದರೆ, ‘ನಂಗೆ ಕೊಡಿ, ಹಿಡ್ಕೊಂಡಿರ್ತೀನಿ’ ಎಂದಳು. ಇಂಥ ಸ್ಥಿತಿಯಲ್ಲಿದ್ದವನಿಗೆ ತಮ್ಮ ಐದು ಅಂಕಿಗಳು ಔಷಧದ ಹಾಗೆ ಕಂಡದ್ದು ನನ್ನ ತಪ್ಪಲ್ಲ.

ಆದರೆ ಮನೆಯಾಕೆ ತಮ್ಮ ಕಡೆ ನೋಡಲೇ ಇಲ್ಲ. ಅವಳು ನೋಡಿದ್ದು ಕಾಲಿನ ಕೆಳಗೆ. ಕ್ಲಚ್ಚಿನ ಪೆಡಲಿಗೆ ಹಾಕಿದ ರಬ್ಬರಿನಲ್ಲಿ ಗೆರೆಗಳೇ ಇರಲಿಲ್ಲ, ಅದು ಹಳೇ ಸೋಪಿನ ಚೂರಿನ ಹಾಗೆ ನುಣ್ಣಗಾಗಿತ್ತು. ಡ್ರೈವರ್ ಸೀಟಿನ ನಡುವೆ, ಯಾರೋ ಈಗಷ್ಟೇ ಎದ್ದುಹೋದಂತೆ ಒಂದು ಗುಳಿ. ಸ್ಟೀರಿಂಗಿನ ಎರಡು ಕಡೆ ಮಾತ್ರ ಕಪ್ಪು ಹೋಗಿ ಮಿರಮಿರ ಮಿಂಚು. ‘ಮೂವತ್ತೆಂಟು ಸಾವಿರಕ್ಕೆ ಇಷ್ಟು ಸವೆಯತ್ತಾ ಅಣ್ಣ? ಓಡಿಸ್ತಿದ್ರೋ, ಪೆಡಲ್ ಮೇಲೆ ಕುಣೀತಿದ್ರೋ’ ಎಂದು ಅವಳು ಕೇಳಿದಳು. ಗ್ಯಾರಂಟಿಯವರು ಒಮ್ಮೆ ಆಕಾಶ ನೋಡಿ, ಒಮ್ಮೆ ಟೈರು ನೋಡಿ, ಕಡೆಗೆ ಮಗುವಿನಂತೆ ನಕ್ಕು, ‘ಅಕ್ಕ, ಹಳೇ ಮೀಟರ್ ಇದು. ಐದೇ ಮನೆ’ ಎಂದರು.

ಐದೇ ಮನೆ. ಒಂದೊಂದು ಅಂಕಿ ಕೂರುವ ಜಾಗಕ್ಕೆ ಒಂದೊಂದು ಮನೆ, ಅಂಥವು ತಮಗೆ ಐದು. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಾದ ಮೇಲೆ ಇನ್ನೊಂದು ಕಿಲೋಮೀಟರ್ ಓಡಿದರೆ ಐದೂ ಮನೆಯಲ್ಲಿ ಸೊನ್ನೆ ಬಂದು ಕೂರುತ್ತದೆ, ತಾವು ಏನೂ ಆಗಿಲ್ಲವೆಂಬಂತೆ ಒಂದರಿಂದ ಶುರು ಮಾಡುತ್ತೀರಿ. ಹಾಗಾದರೆ ಇದು ಬರೀ ಮೂವತ್ತೆಂಟು ಸಾವಿರವೋ, ಒಂದು ಲಕ್ಷದ ಮೂವತ್ತೆಂಟೋ, ಎರಡು ಲಕ್ಷದ ಮೂವತ್ತೆಂಟೋ, ಮೂರೋ ಎಂದು ಕೇಳಿದ್ದಕ್ಕೆ ಗ್ಯಾರಂಟಿಯವರು, ‘ಅಣ್ಣ, ಮೂವತ್ತೆಂಟಂತೂ ಗ್ಯಾರಂಟಿ’ ಎಂದರು.

ಮಾನ್ಯರೇ, ಇಲ್ಲಿ ನನ್ನ ದೂರು ಶುರುವಾಗುತ್ತದೆ. ದಯಮಾಡಿ ಒಂದು ನಿಮಿಷ ಗಮನವಿಟ್ಟು ಕೇಳುವುದು. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಕೂಡುವ ಲೆಕ್ಕ ಕಲಿಸುತ್ತ, ‘ಒಂಬತ್ತು, ಒಂದು ಹತ್ತು, ಸೊನ್ನೆ ಬರಿ, ಕೈಯಲ್ಲಿ ಒಂದು’ ಎನ್ನುತ್ತಿದ್ದರು. ನಾನು ಸೊನ್ನೆ ಬರೆಯುತ್ತಿದ್ದೆ, ಕೈಯಲ್ಲಿದ್ದ ಒಂದನ್ನು ಮರೆಯುತ್ತಿದ್ದೆ. ‘ಎಲ್ಲೋ ಕೈಯಲ್ಲಿದ್ದ ಒಂದು’ ಎಂದು ಅವರು ನನ್ನ ಅಂಗೈ ಬಿಡಿಸಿ ನೋಡಿ, ಅಲ್ಲಿ ಏನೂ ಸಿಗದ್ದಕ್ಕೆ, ಅದೇ ಅಂಗೈಗೆ ಬೆತ್ತದಿಂದ ಒಂದು ಕೊಟ್ಟು, ‘ಈಗ ಸಿಕ್ಕಿತಾ’ ಎನ್ನುತ್ತಿದ್ದರು. ನನ್ನ ವಿದ್ಯೆ ಎಂಟರಲ್ಲಿ ನಿಲ್ಲಲು ಆ ಕೈಯಲ್ಲಿನ ಒಂದು ಕೂಡ ಕಾರಣವೇ. ತಾವಾದರೋ ಒಂದಲ್ಲ, ಒಂದೊಂದು ಲಕ್ಷವನ್ನೇ ಕೈಯಲ್ಲಿ ಹಿಡಿದು, ಇಡಲು ಆರನೆಯ ಮನೆಯಿಲ್ಲದೆ, ಗಾಳಿಗೆ ಬಿಟ್ಟುಬಿಟ್ಟಿದ್ದೀರಿ. ತಮ್ಮನ್ನು ಯಾವ ಮೇಷ್ಟ್ರೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಬದಲಿಗೆ ಅಂಗಿಯ ತೋಳಿನಿಂದ ಮುಖ ಒರೆಸಿ ಗಿರಾಕಿಗಳಿಗೆ ತೋರಿಸುತ್ತಾರೆ.

ಇದರಲ್ಲಿ ತಮ್ಮ ದೊಡ್ಡಸ್ತಿಕೆಯನ್ನು ನಾನು ಕಾಣದಷ್ಟು ಕುರುಡನಲ್ಲ. ಲಕ್ಷ ಕಿಲೋಮೀಟರ್ ದುಡಿದ ಮೇಲೆ ಒಂದೇ ಒಂದು ಅಂಕಿಯನ್ನೂ ಸ್ವಂತಕ್ಕೆ ಉಳಿಸಿಕೊಳ್ಳದೆ, ಸೊನ್ನೆಯಾಗಿ ನಿಲ್ಲುವ ಈ ವೈರಾಗ್ಯ ಮನುಷ್ಯರಲ್ಲಿ ಯಾರಿಗಿದೆ. ಈ ವಿದ್ಯೆಯನ್ನು ತಾವು ನಮ್ಮ ಡಾಕ್ಟರ ರಕ್ತದೊತ್ತಡದ ಯಂತ್ರಕ್ಕೂ ಕಲಿಸಿಕೊಟ್ಟರೆ, ನೂರು ದಾಟಿದ ಕೂಡಲೇ ಅದೂ ಸೊನ್ನೆಗೆ ಬಂದು, ನಾನು ಉಪ್ಪು ತಿನ್ನಬಹುದು. ನನ್ನ ವಯಸ್ಸಿಗೆ ಎರಡೇ ಮನೆಯಾದರೂ ಅದು ತೊಂಬತ್ತೊಂಬತ್ತರ ತನಕ ಕಾಯುವುದು ಬೇಡ, ಬರುವ ವರ್ಷ ಐವತ್ತು ತುಂಬುತ್ತದೆ, ಅಲ್ಲಿಂದಲೇ ತಿರುಗಿಸಲು ಸಾಧ್ಯವೇ ತಿಳಿಸುವುದು. ಇನ್ನು ಒಂಬತ್ತು ಹೊಲಿಗೆ ಬಿದ್ದ ಒಂದು ಅಂಗೈ ನಮ್ಮ ಮನೆಯಲ್ಲಿದೆ. ಅದಕ್ಕೆ ಒಂದೇ ಮನೆ. ಒಂಬತ್ತಾದ ಮೇಲೆ ಇನ್ನೊಂದು ಬೀಳುವ ಮುಂಚೆಯೇ ಅದನ್ನು ಸೊನ್ನೆಗೆ ತರುವ ದಾರಿ ತಮಗೆ ಗೊತ್ತಿದ್ದರೆ, ಉಳಿದ ಬೇಡಿಕೆಗಳನ್ನು ನಾನು ಹಿಂದಕ್ಕೆ ಪಡೆಯುತ್ತೇನೆ.

ಇದನ್ನೆಲ್ಲ ಅಂದೇ ತಮ್ಮೆದುರು ಬಗ್ಗಿ ಕೇಳಿದರೂ ತಾವು ಬಾಯಿ ಬಿಡದಿದ್ದರಿಂದ ಆರನೆಯ ದಿನ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ. ನಮ್ಮ ಕಡೆ ಅವರಿಗೆ ಹೂಂ ಮೇಸ್ತ್ರಿ ಎಂದು ಹೆಸರು, ಅವರು ಆಡುವ ಮಾತು ಬಹುಪಾಲು ಅಷ್ಟೇ. ಇಂಜಿನ್ ಶುರು ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣುಮುಚ್ಚಿ ಕೇಳಿ, ‘ಹೂಂ’ ಎಂದರು. ಹೊಗೆ ಕೊಳವೆಗೆ ಅಂಗೈ ಅಡ್ಡ ಹಿಡಿದು ಗಿಡ್ಡದೊಂದು ಹೂಂ. ಗಾಡಿಯ ಕೆಳಗೆ ಮಲಗಿ ಅಲ್ಲಿಂದ ಎರಡು ಹೂಂ. ಕೊನೆಗೆ ತಮ್ಮ ಮುಂದೆ ಬಗ್ಗಿ, ಕಿಟಕಿಗೆ ಬೆರಳಲ್ಲಿ ಎರಡು ಸಲ ತಟ್ಟಿ, ಎಲ್ಲಕ್ಕಿಂತ ಉದ್ದನೆಯ ಒಂದು ಹೂಂ ಎಳೆದರು. ಅದರ ಅರ್ಥ ಕೇಳುವಷ್ಟು ಧೈರ್ಯ ನನಗಿರಲಿಲ್ಲ. ‘ಒಟ್ಟಿನಲ್ಲಿ ಏನಂತೀರಿ’ ಎಂದು ಗೋಗರೆದ ಮೇಲೆ, ಕೈಗೆ ಅಂಟಿದ ಎಣ್ಣೆ ಒರೆಸುತ್ತ, ‘ಓಡಿದ ಗಾಡಿ. ಓಡತ್ತೆ’ ಎಂದು ಹೇಳಿ ಹೊರಟುಹೋದರು. ಆ ಎರಡು ಮಾತಿನಲ್ಲಿ ಮೊದಲನೆಯದು ದೂರೋ, ಎರಡನೆಯದು ಭರವಸೆಯೋ, ಅಥವಾ ಹೆಚ್ಚು ಓಡಿದ್ದರಿಂದಲೇ ಇನ್ನೂ ಓಡುತ್ತದೆ ಎಂದೋ, ಬರೀ ಅಭ್ಯಾಸಬಲದಿಂದ ಓಡುತ್ತದೆ ಎಂದೋ, ನಾನು ಎರಡು ದಿನ ತಲೆ ಕೆಡಿಸಿಕೊಂಡೆ.

‘ಮೀಟರ್ ಹತ್ರ ಮಾತಾಡಿದ್ದು ಸಾಕು, ನಿಮಗೆ ಓದೋಕೆ ಬರೋದನ್ನ ಓದಿ’ ಎಂದು ಮನೆಯಾಕೆ ಎಂಟನೆಯ ದಿನ ಬೈದಳು. ನನಗೆ ಓದಲು ಬರುವುದು ಏನಿದೆ ಎಂದು ಮೊದಲು ಹೊಳೆಯಲಿಲ್ಲ. ಅವಳು ಮುಂದಿನ ಗಾಜಿನ ಕಡೆ ಗಲ್ಲ ಎತ್ತಿ ತೋರಿಸಿದಳು.

ಮಾನ್ಯರೇ, ತಮ್ಮ ನೆತ್ತಿಯ ಮೇಲೆಯೇ ನಿಂತಿರುವ ಆ ಗಾಜನ್ನು ತಾವು ಯಾವತ್ತಾದರೂ ತಿರುಗಿ ನೋಡಿದ್ದೀರೋ ಇಲ್ಲವೋ ಕಾಣೆ. ಮೂಲೆಯಲ್ಲಿ ಕಾರ್ಖಾನೆಯ ಗುರುತಿದೆ, ಗಾಡಿಯ ಜೊತೆಯಲ್ಲೇ ಹುಟ್ಟಿದ ಗಾಜು, ಬದಲಾದದ್ದಲ್ಲ. ಓಡುವ ಗಾಡಿಯ ಮುಂದಿನ ಗಾಜಿಗೆ ಎದುರಿನ ಮರಳಿನ ಕಣಗಳು ಹೊಡೆದು ಹೊಡೆದು ಸೂಜಿಮೊನೆಯಷ್ಟು ತೂತಿನ ಗುರುತುಗಳು ಬೀಳುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ತಿಳಿಯುತ್ತದೆ. ಲಕ್ಷ ಓಡಿದ ಗಾಜಿನ ಮೇಲೆ ಉಗುರು ಎಳೆದರೆ ಅಲ್ಲೊಂದು ಇಲ್ಲೊಂದು ಎಡವುತ್ತದೆ. ಈ ಗಾಜಿನ ಮೇಲೆ ನನ್ನ ಉಗುರು ಅಂಗುಲಕ್ಕೊಂದು ಕಡೆ ಎಡವಿತು. ಇಪ್ಪತ್ತು ವರ್ಷ ಗಾಡಿಗಳ ಗಾಜು ಕಿತ್ತು ಕೂರಿಸಿದವನ ಮಾತು ಇದು: ಮೂರು ಲಕ್ಷಕ್ಕೆ ಕಮ್ಮಿಯಿಲ್ಲ. ಉಗುರನ್ನು ಅಲ್ಲಿಗೇ ನಿಲ್ಲಿಸದೆ ವೈಪರು ಆಡುವ ಜಾಗಕ್ಕೆ ತಂದೆ. ವೈಪರಿನ ರಬ್ಬರು ಸವೆದ ಮೇಲೂ ಹಾಗೇ ಉಜ್ಜಿಸಿದರೆ ಅದರ ತಗಡು ಗಾಜಿನ ಮೇಲೆ ಬೀಸಣಿಗೆಯಾಕಾರದ ಗೀರು ಕೊರೆಯುತ್ತದೆ. ಇಲ್ಲಿ ಒಂದು ಗೀರೂ ಇಲ್ಲ. ಅಂದರೆ ಮೂರು ಲಕ್ಷ ಕಿಲೋಮೀಟರುಗಳ ಉದ್ದಕ್ಕೂ ಯಾರೋ ಒಬ್ಬರು ಪ್ರತಿ ಸಲ ಹೊತ್ತಿಗೆ ಸರಿಯಾಗಿ ಆ ರಬ್ಬರು ಬದಲಿಸಿದ್ದಾರೆ. ಎಡಗಡೆ ಕೆಳಗೆ ಕಲ್ಲು ಬಡಿದ ಒಂದು ಗಾಯ, ಅದು ಬಿರುಕಾಗಿ ಹರಡುವ ಮುಂಚೆಯೇ ಅಂಟು ತುಂಬಿ ಎಷ್ಟು ನಯವಾಗಿ ಮುಚ್ಚಿದ್ದಾರೆಂದರೆ ನನಗೇ ಎರಡನೇ ಸಲಕ್ಕೆ ಸಿಕ್ಕಿತು. ಒಳಬದಿಯಲ್ಲಿ ದಿನವೂ ಬಟ್ಟೆಯಿಂದ ಸುತ್ತಿ ಸುತ್ತಿ ಒರೆಸಿದ ನವಿರು ಬಳೆಗಳು, ಎಲ್ಲವೂ ಒಂದೇ ಕಡೆಗೆ ಸುತ್ತಿದವು. ಆ ಒಂದೇ ಕೈ ಎಂದರೆ ಏನೆಂದು ನನಗೆ ಆಗ ಅರ್ಥವಾಯಿತು.

ಮೂರು ಲಕ್ಷ ಎಂದು ಕೇಳಿದರೆ ಓಡಿಹೋಗಬೇಕಾದವನು ನಾನು. ಆದರೂ ಹೆಂಡತಿಗೆ, ‘ಬಹಳ ಓಡಿದೆ, ಆದ್ರೆ ಚೆನ್ನಾಗಿ ನೋಡ್ಕೊಂಡಿದ್ದಾರೆ’ ಎಂದೆ. ‘ಹಾಗಾದ್ರೆ ನಾಳೆ ಗಾಜು ಹೇರ್ಕೊಂಡು ಓಡಿಸಿ ನೋಡೋಣ’ ಎಂದಳು.

ಒಂಬತ್ತನೆಯ ದಿನ ಬೆಳಿಗ್ಗೆ ಆಳೆತ್ತರದ ಕನ್ನಡಿಯೊಂದನ್ನು ವ್ಯಾನಿನ ಹಿಂಭಾಗದಲ್ಲಿ ಕಂಬಳಿ ಸುತ್ತಿ ನಿಲ್ಲಿಸಿ, ಅವಳು ಅದರ ಪಕ್ಕದಲ್ಲಿ ಕೂತು, ಎಡಗೈ ಅದಕ್ಕೆ ಆನಿಸಿದಳು. ಮದುವೆಗೆ ಮುಂಚೆ ಎರಡು ವರ್ಷ, ಅಂಗಡಿ ತೆರೆಯುವ ಮುಂಚಿನ ಬೆಳಗಿನ ಜಾವ, ನಾನು ಹಾಲಿನ ವ್ಯಾನು ಓಡಿಸಿದ್ದೇನೆ. ಆ ಎರಡು ವರ್ಷದಲ್ಲಿ ಯಾವ ಗಾಡಿಯನ್ನೂ ಹಿಂದೆ ಹಾಕಿದವನಲ್ಲ, ಒಂದು ಲೀಟರ್ ಹಾಲೂ ಚೆಲ್ಲಿದವನಲ್ಲ. ಆಸ್ಪತ್ರೆಯ ರಸ್ತೆ, ರೈಲ್ವೆ ಗೇಟು, ಅಂಚೆ ಕಚೇರಿಯ ಆ ಇಳಿಜಾರು, ಅಲ್ಲಿಂದ ಹೆದ್ದಾರಿಯ ಐದು ಕಲ್ಲು ದಾಟಿ ವಾಪಸು, ಎಲ್ಲ ಸೇರಿ ಹನ್ನೊಂದು ಕಿಲೋಮೀಟರಿಗೆ ಕಡಿಮೆಯಿಲ್ಲ. ಇಳಿಜಾರಿನಲ್ಲಿ ಹಿಂದಿನಿಂದ ಒಂದು ಲಾರಿ ಹಾರನ್ ಹೊಡೆಯಿತು. ನಾನು ಎಂದಿನಂತೆ ಎಗರಿಬಿದ್ದೆ, ಗಾಡಿ ಎಗರಲಿಲ್ಲ. ಹಿಂದಿನಿಂದ, ‘ನೀವು ಹಾರಿ ಪರವಾಗಿಲ್ಲ, ಇದು ಭಾರ ಇದೆ, ನಿಮ್ಮ ಮಾತು ಕೇಳಲ್ಲ’ ಎಂಬ ದನಿ ಬಂತು. ವೇಗ ತೋರಿಸುವ ಮುಳ್ಳು ದಾರಿಯುದ್ದಕ್ಕೂ ಸೊನ್ನೆಯಲ್ಲೇ ಮಲಗಿತ್ತು. ನಾನು ಓಡಿಸುವ ವೇಗಕ್ಕೆ ಅದು ಸರಿಯಾಗಿಯೇ ಇದೆ ಎಂದುಕೊಂಡೆ.

ಬಯಲಿಗೆ ಬಂದು ಇಂಜಿನ್ ಆರಿಸಿ, ತಮ್ಮನ್ನು ನೋಡಿದೆ. ಮೂವತ್ತೆಂಟು ಸಾವಿರದ ನಾನೂರ ಹದಿನಾರು. ಕನ್ನಡಕ ಒರೆಸಿ ನೋಡಿದೆ. ಹದಿನಾರೇ. ಹನ್ನೊಂದು ಕಿಲೋಮೀಟರ್ ನಡುಗಿ, ಒಂದು ಲಾರಿಗೆ ದಾರಿ ಬಿಟ್ಟು, ಬೆವರಿ, ಬಂದಿದ್ದೇವೆ, ತಾವು ಒಳಗಿನ ಚಕ್ರದ ಒಂದು ಹಲ್ಲೂ ಸರಿದಿಲ್ಲ. ಬಂಕಿನಲ್ಲಿ ಟೀ ಕುಡಿಯುತ್ತಿದ್ದ ಹೂಂ ಮೇಸ್ತ್ರಿಯನ್ನು ಕೂಗಿ ತೋರಿಸಿದ್ದಕ್ಕೆ, ‘ಮೀಟರ್ ತಿರುಗಿಸೋ ಕೇಬಲ್ ತುಂಡಾಗಿ ಯಾವ ಕಾಲವಾಯ್ತೋ’ ಎಂದರು. ಮೊನ್ನೆಯೇ ಹೇಳಬಾರದಿತ್ತೇ ಎಂದರೆ, ‘ನೀವು ಇಂಜಿನ್ ನೋಡು ಅಂದ್ರಿ’ ಎಂದರು.

ಅಂದರೆ ನನ್ನ ಐದು ದಿನಗಳ ನಿದ್ದೆಗೇಡು, ಒಂದೋ ಎರಡೋ ಮೂರೋ ಲಕ್ಷವೆಂಬ ಕೂಡುವ ಕಳೆಯುವ ಲೆಕ್ಕ, ಕೈಯಲ್ಲಿನ ಒಂದರ ಬಗ್ಗೆ ನಾನು ತಮ್ಮ ಮೇಲೆ ಹೊರಿಸಿದ ಆರೋಪ, ಎಲ್ಲವೂ ನಿಂತುಹೋದ ಮೀಟರಿನ ಮುಂದೆ ಕುಣಿದ ಕುಣಿತ. ತಾವು ಸುಳ್ಳು ಹೇಳಿದ್ದಲ್ಲ, ಸತ್ಯವನ್ನೂ ಹೇಳಿದ್ದಲ್ಲ. ಯಾವುದೋ ದಿನ ಯಾವುದೋ ತಿರುವಿನಲ್ಲಿ ಎಣಿಸಿ ಎಣಿಸಿ ಬೇಸರವಾಗಿ, ‘ಇನ್ನು ನಿಮ್ಮ ಪಾಡು’ ಎಂದು ಸುಮ್ಮನಾಗಿದ್ದೀರಿ, ಗಾಡಿ ಮಾತ್ರ ಅದನ್ನು ತಿಳಿಯದೆ ಓಡುತ್ತಲೇ ಇದೆ. ಎಷ್ಟು ಓಡಿದೆ ಎಂಬುದು ಈಗ ತಮಗೂ ಗೊತ್ತಿಲ್ಲ, ಗ್ಯಾರಂಟಿಯವರಿಗೂ ಗೊತ್ತಿಲ್ಲ. ಒಂದು ಅಂಕಿ ಇದ್ದರೆ ಅದು ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ತಕ್ಕಷ್ಟು ಹೆದರಬಹುದು. ಅಂಕಿಯೇ ಇಲ್ಲದಿದ್ದರೆ ಎಷ್ಟು ಹೆದರಬೇಕೆಂದು ಮನುಷ್ಯನಿಗೆ ತಿಳಿಯುವುದು ಹೇಗೆ. ‘ಬೇಡ, ಇದು ನಮಗಾಗೋದಲ್ಲ’ ಎಂದು ಕೆಳಗಿಳಿದೆ.

ಮನೆಯಾಕೆ ಹಿಂದಿನ ಬಾಗಿಲಿನಿಂದ ಇಳಿದು, ಕಂಬಳಿ ಸರಿಸಿ ಕನ್ನಡಿಯ ನಾಲ್ಕೂ ಅಂಚು ಬೆರಳಾಡಿಸಿ ನೋಡಿ, ಮುಂದೆ ಬಂದು, ಮೊದಲ ಸಲ ತಮ್ಮ ಕಡೆ ಬಗ್ಗಿ ನೋಡಿದಳು. ನಾಳೆ ಹೊಲಿಗೆ ಬಿಚ್ಚುವ ದಿನ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಅಕ್ಕ ಅಂಗಡಿಯಲ್ಲಿ ಒಂದು ಮಷೀನು ಖಾಲಿ ಮಾಡಿಸಿ ಇಟ್ಟಿದ್ದಾರೆಂದು ನನಗೆ ಗೊತ್ತಿದ್ದುದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಅವಳು ಸೆರಗಿನ ತುದಿಯಿಂದ ತಮ್ಮ ಕಿಟಕಿ ಒರೆಸಿ, ‘ಒಳ್ಳೇದೇ ಆಯ್ತು ಬಿಡಿ. ನೋಡ್ಕೊಂಡು ಹೆದರೋಕೆ ನಿಮಗೆ ಒಂದು ಕಮ್ಮಿ ಆಯ್ತು. ತಗೊಳ್ಳೋಣ’ ಎಂದಳು.

ತೆಗೆದುಕೊಂಡೆವು. ಟೈಲರಿಂಗ್ ಅಂಗಡಿಯ ಆ ಮಷೀನಿನ ಮುಂದೆ ಈಗ ಬೇರೆ ಯಾರೋ ಕೂತಿದ್ದಾರಂತೆ. ಕೇಳಿದಾಗ ನನ್ನ ಮುಖ ಹೇಗಿತ್ತೋ ಏನೋ, ಮನೆಯಾಕೆ ನಗು ತಡೆಯಲು ಒಳಗೆ ಎದ್ದುಹೋದಳು.

ಆದ್ದರಿಂದ ಮಾನ್ಯರಲ್ಲಿ ನನ್ನ ಕೊನೆಯ ವಿನಂತಿ ಬಹಳ ಸಣ್ಣದು. ಮೇಸ್ತ್ರಿ ಹೊಸ ಕೇಬಲ್ ಹಾಕುತ್ತೇನೆಂದು ಎರಡು ಸಲ ಹೇಳಿದ್ದಾರೆ, ಅಂದರೆ ಎರಡು ಸಲ ಹೂಂ ಎಂದಿದ್ದಾರೆ. ನಾನು ಒಪ್ಪಿಲ್ಲ. ತಾವು ದಯವಿಟ್ಟು ಈಗಿರುವಂತೆಯೇ, ಐದು ಮನೆಯ ಒಡೆಯರಾಗಿ, ಯಾವ ಕೆಲಸವನ್ನೂ ಮಾಡದೆ, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ಗಾಜಿನ ಹಿಂದೆ ಸುಖವಾಗಿ ಕೂತಿರಬೇಕಾಗಿ ಪ್ರಾರ್ಥನೆ. ಅಂಥವರನ್ನು ನೋಡುವುದು ನಮಗೆ ಹೊಸತಲ್ಲ, ಬೇರೆ ಬೇರೆ ಕಚೇರಿಗಳಲ್ಲಿ ನೋಡಿ ಅಭ್ಯಾಸವಾಗಿದೆ.

ಒಂದಂಕಿಯನ್ನೂ ನಂಬದೆ, ಆದರೂ ಪ್ರತಿದಿನ ತಮ್ಮೆದುರೇ ಕೂತು ಕೈಮುಗಿದು ಗಾಡಿ ಶುರು ಮಾಡುವ,

ತಮ್ಮ ವಿಶ್ವಾಸಿ,
ಗಾಜಿನಂಗಡಿಯವನು

ತಾಜಾ ಕಲಂ: ತಾವು ನಿಂತುಹೋಗಿರುವ ಸಂಗತಿಯನ್ನು ಗ್ಯಾರಂಟಿಯವರಿಗೆ ಮುಖಕ್ಕೆ ಹೊಡೆದಂತೆ ಹೇಳಿಬರಬೇಕೆಂದು ಈ ಪತ್ರದ ಒಂದು ಪ್ರತಿ ಹಿಡಿದು ಖುದ್ದಾಗಿ ಹೋಗಿದ್ದೆ. ಅವರು ಮೊದಲಿನಿಂದ ಕೊನೆಯವರೆಗೆ ಸಾವಧಾನವಾಗಿ ಓದಿ, ಮಡಿಚಿ ಜೇಬಿಗಿಟ್ಟುಕೊಂಡು, ‘ಅಲ್ಲ ಅಣ್ಣ, ನೀವೇ ಬರೆದಿದ್ದೀರಲ್ಲ, ಮೂವತ್ತೆಂಟರ ಮೇಲೆ ಒಂದು ಕಿಲೋಮೀಟರೂ ಓಡಿಲ್ಲ ಅಂತ. ನಾನು ಹೇಳಿದ್ದೂ ಅದೇ ತಾನೆ’ ಎಂದರು. ಈಗ ಅವರು ಬಂದ ಗಿರಾಕಿಗಳಿಗೆಲ್ಲ ನನ್ನ ಪತ್ರವನ್ನೇ ತೋರಿಸುತ್ತಿದ್ದಾರೆಂದು ಕೇಳಿದ್ದೇನೆ. ಇದಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ಹೊಳೆಯುತ್ತಿಲ್ಲ; ಇಂಥ ಲೆಕ್ಕದಲ್ಲಿ ಪಳಗಿದವರು ತಾವೇ ಆದ್ದರಿಂದ, ತಮಗೇನಾದರೂ ಹೊಳೆದರೆ ಒಂದು ಹಲ್ಲು ಸರಿದು ತಿಳಿಸುವುದು.